ಬೀರಪ್ಪನ ಕುರಿ, ರಷ್ಯಾದ ಗಡಿ

ಆ ರಷ್ಯಾದ ಸೇನಾಧಿಕಾರಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನನ್ನು ಹುಟ್ಟಿಸಿದವನು ನಾನು — ಹರಪನಹಳ್ಳಿಯ ಕಾಲೇಜೊಂದರ ಚರ್ಚಾಸ್ಪರ್ಧೆಯಲ್ಲಿ, ನಿಂತ ನಿಲುವಿನಲ್ಲಿ. ಅವನ ಬಾಯಲ್ಲಿ ಸುಳ್ಳು ಆಡಿಸಿ ನನ್ನ ಗೆಳೆಯ ಬೀರಪ್ಪನನ್ನು ಸೋಲಿಸಿದೆ. ಮೂವತ್ತು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ವಿಷಯ ಇಷ್ಟೇ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ದಾಳಿ ಮಾಡುವ ಮುಂಚೆ ರಷ್ಯಾ ತನ್ನ ಸೈನ್ಯವನ್ನು ಗಡಿಯ ಹತ್ತಿರ ತಂದು ನಿಲ್ಲಿಸಿತ್ತಲ್ಲ — ಅದು ಕಾಯಲಿಕ್ಕೋ, ತಾನೇ ಮೇಲೆ ಬೀಳಲಿಕ್ಕೋ? ಬೀಳಲಿಕ್ಕೆ ಎಂದು ನಾನು, ಅಲ್ಲ ಎಂದು ಬೀರಪ್ಪ. ವೇದಿಕೆ ಹತ್ತುವ ಮೊದಲೇ ಚಹಾದಂಗಡಿಯಲ್ಲಿ ವಾರಗಟ್ಟಲೆ ಅದೇ ಜಗಳ ಆಡಿದ್ದೆವು.

ನನ್ನ ವಾದ ಚೆನ್ನಾಗಿಯೇ ಇತ್ತು. ವಿಮಾನ ನಿಲ್ದಾಣಗಳು ಗಡಿಗೆ ಅಂಟಿಕೊಂಡಿದ್ದವು. ಹಳೆಯ ಕೋಟೆಸಾಲನ್ನು ಕಳಚಿ ಹೊಸದನ್ನು ಅರ್ಧಕ್ಕೇ ಬಿಟ್ಟಿದ್ದರು. ಕಾಯುವವನು ಹೀಗೆ ಮಾಡುತ್ತಾನೆಯೇ ಎಂದೆ. ಚಪ್ಪಾಳೆ ಬಿತ್ತು. ಆಮೇಲೆ ಬೀರಪ್ಪ ಎದ್ದ. ಅವನದು ಹಲವಾಗಲು ಕಡೆಯ ಕುರಿ ಸಾಕುವ ಮನೆ.

"ನೋಡ್ರಿ, ನಮ್ಮ ಕಡಿ ಹೊಲದಾರು ಗೊಬ್ಬರಕ್ಕಂತ ಕರದು ಕುರಿ ನಿಲ್ಲಿಸ್ಕಂತಾರ. ಸುತ್ತ ಬಲೆ ಕಟ್ಟಿ ಹಟ್ಟಿ ಹಾಕಿರ್ತೀವಿ. ಬದುವಿನ ಆಚಿ ಹಸಿರು ಜ್ವಾಳ ಇರತೈತಿ. ಬದುವಿಗೆ ಕುರಿ ಅದಾವ ಅಂದಕೂಡ್ಲೆ ಕುರುಬ ಪಕ್ಕದ ಹೊಲ ಮೇಸಾಕ ಬಂದಾನ ಅನ್ನಾಕ ಬರತೈತೇನ್ರಿ? ಬಲೆ ಬಿಚ್ಚಿ ಕುದರಿ ಮ್ಯಾಲೆ ಹೇರಿದ್ರ ಆಗ ಹೊಂಟಾನ ಅಂತ. ರಷ್ಯಾದ ಬಲೆ ಇನ್ನಾ ನೆಲದಾಗಿತ್ರಿ — ಲಾರಿ ಸಾಲ್ತಿದ್ದಿಲ್ಲ, ಟ್ಯಾಂಕು ರಿಪೇರಿಗೆ ನಿಂತಿದ್ವು."

ಸಭೆ ತಲೆದೂಗಿತು. ಅಲ್ಲಿದ್ದವರೆಲ್ಲ ಕುರಿಹಟ್ಟಿ ಕಂಡವರೇ. ನಾನು ಸೋಲುತ್ತಿದ್ದೆ — ಅದಕ್ಕಿಂತ ಹೆಚ್ಚಾಗಿ, ಅವನ ಮಾತು ಸರಿ ಎಂದು ನನಗೇ ಅನ್ನಿಸಿಬಿಟ್ಟಿತ್ತು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತು ಹೇಳಿದೆ: "ಸೆರೆಸಿಕ್ಕ ರಷ್ಯಾದ ಸೇನಾಧಿಕಾರಿಯೇ ಬಾಯಿಬಿಟ್ಟಿದ್ದಾನೆ, ನಾವೇ ಮೊದಲು ಗಡಿ ದಾಟುವವರಿದ್ದೆವು ಅಂತ. ದಾವಣಗೆರೆಯ ಗ್ರಂಥಾಲಯದಲ್ಲಿ ನಾನೇ ಓದಿದ್ದೇನೆ."

ದಾವಣಗೆರೆಗೆ ನಾನು ಹೋಗುತ್ತಿದ್ದುದು ಸಿನಿಮಾ ನೋಡಲು. ಬೀರಪ್ಪ ನನ್ನ ಮುಖವನ್ನೊಮ್ಮೆ ನೋಡಿದ. "ಕೊಟ್ರೇಶಿ ಓದ್ಯಾನಂದ್ರ ಖರೇನ ಇರತೈತ್ರಿ. ನನ್ನ ಕುರಿ ಲೆಕ್ಕ ತಪ್ಪಾತು" ಎಂದು ಎಲ್ಲರೆದುರು ಒಪ್ಪಿ ಕುಳಿತ. ಜನ ನಕ್ಕರು. ನಾನೂ ನಕ್ಕೆ — ಆ ನಗು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ನಾನು ಮೆಕ್ಕೆಜೋಳದ ವ್ಯಾಪಾರದಲ್ಲಿ ಹಾಗೆಯೇ ಬದುಕಿದೆ. ಬೀರಪ್ಪ ಹಡಗಲಿಯಲ್ಲಿ ಇತಿಹಾಸದ ಮೇಷ್ಟ್ರಾದ. ಸಿಕ್ಕಾಗಲೆಲ್ಲ ಹರಟಿದ್ದೇವೆ, ಕುರಿಯ ಮಾತನ್ನು ಮಾತ್ರ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊನ್ನೆ ಅದೇ ಕಾಲೇಜಿನವರು ನನ್ನನ್ನು ತೀರ್ಪುಗಾರನಾಗಿ ಕರೆದರು. ಹಳೆಯ ವಿಜೇತ ಅಂತ ಶಾಲು ಬೇರೆ. ನನ್ನ ಗ್ರಹಚಾರಕ್ಕೆ ಅದೇ ವಿಷಯ. ಹಡಗಲಿಯಿಂದ ಬಂದ ಹುಡುಗಿಯೊಬ್ಬಳು ಗಟ್ಟಿ ದನಿಯಲ್ಲಿ ಹೇಳಿದಳು: "ಸೆರೆಸಿಕ್ಕ ರಷ್ಯಾದ ಸೇನಾಧಿಕಾರಿಯೇ ಇದನ್ನು ಒಪ್ಪಿಕೊಂಡಿದ್ದಾನೆ. ನಮ್ಮ ಬೀರಪ್ಪ ಸರ್ ಪ್ರತಿ ವರ್ಷ ಪಾಠದಲ್ಲಿ ಹೇಳುತ್ತಾರೆ." ಅವಳನ್ನು ಕರೆತಂದಿದ್ದ ಬೀರಪ್ಪ ಹಿಂದಿನ ಸಾಲಿನಲ್ಲಿ ಕುಳಿತು ಹೆಮ್ಮೆಯಿಂದ ತಲೆಯಾಡಿಸುತ್ತಿದ್ದ.

ಅವನನ್ನು ಒಂದೇ ದಿನ ಸೋಲಿಸಿದ್ದು ಅಂದುಕೊಂಡಿದ್ದೆ — ಇಲ್ಲ, ಅವನು ಪಾಠ ಮಾಡಿದ ಪ್ರತಿ ವರ್ಷವೂ ಸೋಲಿಸಿದ್ದೆ. ಈಗ ಆ ಹುಡುಗಿಗೆ ಅಂಕ ಕೊಟ್ಟರೆ ನನ್ನ ಸುಳ್ಳು ಮತ್ತೆ ಗೆಲ್ಲುತ್ತದೆ. ಕಳೆದರೆ ಬೀರಪ್ಪನ ಪಾಠ ತಪ್ಪಾಗುತ್ತದೆ, ನಾನು ಮಾತ್ರ ಶಾಲು ಹೊದ್ದು ಕುಳಿತಿರುತ್ತೇನೆ.

ಶಾಲನ್ನು ಮೇಜಿನ ಮೇಲಿಟ್ಟು ಮೈಕು ತೆಗೆದುಕೊಂಡೆ. ಎಲ್ಲವನ್ನೂ ಹೇಳಿದೆ. ಹೇಳಿ ಮುಗಿದ ಮೇಲೆ — ಏನೆನ್ನಲಿ — ಚೀಲ ಇಳಿಸಿದ ಹಮಾಲನ ಹಾಗೆ ಕುತ್ತಿಗೆ ಹಗುರಾಯಿತು. ನಾಚಿಕೆಯಾಗಬೇಕಾದ ಹೊತ್ತಿನಲ್ಲಿ ನನಗೆ ಸಮಾಧಾನವಾಗುತ್ತಿತ್ತು.

ಬೀರಪ್ಪ ವೇದಿಕೆಗೆ ಬಂದ. ಬೈಯುತ್ತಾನೆಂದು ಕಾದೆ, ಬೈದ. "ಲೇ ಕೊಟ್ರ, ನಿನ್ನ ನಂಬಿ ಎಷ್ಟು ಹುಡುಗ್ರಿಗೆ ಸುಳ್ಳು ಹೇಳೀನಲೇ!" ಆಮೇಲೆ ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕ. "ಮೊದ್ಲು ನನ್ನ ಕುರಿ ನನಗ ವಾಪಸ್ ಕೊಡು."

ಕೊಟ್ಟೆ. ಬದು, ಬಲೆ, ಕುದುರೆ — ಅವನ ವಾದವನ್ನು ಒಂದು ಮಾತೂ ಬಿಡದೆ ನಾನೇ ಆ ಮಕ್ಕಳ ಮುಂದೆ ಹೇಳಿದೆ. ಸಭೆ ಅಂದಿನ ಹಾಗೆಯೇ ತಲೆದೂಗಿತು.

"ಹಂಗಾದ್ರ ಖರೇ ಯಾವುದ್ರಿ ಸರ?" ಎಂದಳು ಹುಡುಗಿ.

"ಅದನ್ನ ಇನ್ನಾ ಓದಬೇಕವ್ವ," ಎಂದ ಬೀರಪ್ಪ. "ನಿನ್ನ ಕೂಡ ನಾನೂ ಓದ್ತೀನಿ."

ಸೋಮವಾರ ಹಡಗಲಿಗೆ ಬಾ, ನನ್ನ ಹುಡುಗರಿಗೆ ನೀನೇ ಹೇಳು ಅಂದಿದ್ದಾನೆ. ಹೋಗುತ್ತೇನೆ. ಅವನ ಹಳೆಯ ಶಿಷ್ಯರು ಸಿಕ್ಕಲ್ಲೆಲ್ಲ ಹೇಳುತ್ತೇನೆ. ಆದರೆ ಎಲ್ಲರೂ ಎಲ್ಲಿ ಸಿಕ್ಕಾರು? ಸಿಗದವರ ತಲೆಯಲ್ಲಿ ಆ ಅಧಿಕಾರಿ ಇನ್ನೂ ಬದುಕಿದ್ದಾನೆ.