ಬಲೆಗೆ ಬಿಸಿನೀರಿನ ಸ್ನಾನ

ಭಾನುವಾರ ಬಂತೆಂದರೆ ನನ್ನ ಗಂಡ ಗಾಳ, ಕೈಬಲೆ, ರಬ್ಬರ್ ಬೂಟು ಎಲ್ಲವನ್ನೂ ಸ್ಕೂಟರಿಗೆ ಬಿಗಿದುಕೊಂಡು ಹೊರಟುಬಿಡುತ್ತಾರೆ. ಒಂದು ವಾರ ಶ್ರೀರಂಗಪಟ್ಟಣದ ಕಡೆ ಕಾವೇರಿಗೆ, ಮುಂದಿನ ವಾರ ನಾಗಮಂಗಲದ ಆಚೆಗಿರುವ ನನ್ನ ತವರಿನ ಕೆರೆಗೆ. ತರುವ ಮೀನಿಗಿಂತ ಹೊತ್ತು ತರುವ ವಾಸನೆಯೇ ಹೆಚ್ಚು. ಪಾಂಡವಪುರದ ನಮ್ಮ ಬಾಡಿಗೆ ಮನೆಯಲ್ಲಿ ಆ ಸಾಮಾನೆಲ್ಲ ತೊಟ್ಟಿಕ್ಕುತ್ತ ಬಾಗಿಲ ಹಿಂದೆ ಬಿದ್ದಿರುತ್ತಿತ್ತು.

ಹೋದ ಬೇಸಿಗೆಯಲ್ಲಿ ಅಣ್ಣ ಫೋನ್ ಮಾಡಿದ. ತವರಿನ ಪಕ್ಕದೂರಿನ ಕೆರೆಯನ್ನು ಅಂತರಗಂಗೆ ಎಂಬ ನೀರಿನ ಕಳೆ ಪೂರ್ತಿ ಮುಚ್ಚಿಬಿಟ್ಟಿತ್ತು. ದನ ನೀರು ಕುಡಿಯಲೂ ಜಾಗವಿರಲಿಲ್ಲ.

"ಭಾವ ಬರ್ಲಿ, ಅವ್ರ ಬಲೆ ಬರ್ಬಾರ್ದು" ಎಂದ. "ಓದ್ಸಲ ಬಲೇಲಿ ಅದ್ರ ಚೂರು ಸಿಕ್ಕಾಕೊಂಡಿತ್ತು ಕಣವ್ವ. ನಾನೇ ಕಿತ್ತು ಬೆಂಕಿಗೆ ಆಕ್ದೆ. ಒಂದ್ ಚೂರು ಬಿದ್ರೆ ನಮ್ ಕೆರೇನೂ ಅಂಗೇ ಆಯ್ತದೆ."

ಗಂಡನಿಗೆ ಹೇಳಿದೆ. "ನಾನೇನು ಅಂತರಗಂಗೆ ಬಿತ್ತನೆ ಮಾಡೋಕೋಗ್ತೀನಾ?" ಎಂದು ಪೇಪರ್ ಓದುತ್ತ ಕೂತರು. ನಾನು ಅವರ ಬೂಟನ್ನು ಪೇಪರಿನ ಮೇಲೇ ಬೋರಲು ಹಾಕಿದೆ. ಕೆಸರಿನ ಜೊತೆ ಪುಟ್ಟ ಪುಟ್ಟ ಬಸವನಹುಳುಗಳು ಉದುರಿದವು.

"ಇವ್ರು ಯಾರು? ನಿಮ್ ಕಡೆ ನೆಂಟ್ರಾ?"

ಬಚ್ಚಲ ಹಂಡೆಯಲ್ಲಿ ನೀರು ಮರಳುತ್ತಿತ್ತು. ಬಲೆ, ಗಾಳದ ದಾರ, ಬೂಟು ಎಲ್ಲವನ್ನೂ ಅದಕ್ಕೆ ತುರುಕಿದೆ. ಹುಳು ಸತ್ತವು, ನಿಜ. ದಾರವೂ ಶಾವಿಗೆಯಂತೆ ಸುರುಳಿ ಸುತ್ತಿಕೊಂಡಿತು, ಬೂಟಿನ ಅಟ್ಟೆ ಬಾಯಿಬಿಟ್ಟಿತು.

"ಮೀನ್ ಸಾರನ್ನೂ ಇಷ್ಟು ಕುದಿಸಲ್ಲ ನೀನು!" ಎಂದು ಗಂಡ ಕೂಗಾಡಿದರು.

ಜಗಳ ಮುಗಿದ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಹೊಸ ಸಾಮಾನನ್ನು ಹದವಾದ ಬಿಸಿನೀರಿನಲ್ಲಿ ಬ್ರಶ್ ಹಾಕಿ ಉಜ್ಜುವುದು, ತಾರಸಿಯ ಮೇಲೆ ಗರಿಗರಿ ಒಣಗಿಸುವುದು. ಆದರೆ ತಾರಸಿಯಲ್ಲಿ ಮನೆ ಒಡತಿಯ ಸಂಡಿಗೆ ಒಣಗುತ್ತಿತ್ತು. ಅವರು ಮೇಲುಕೋಟೆಯ ದೇವಸ್ಥಾನದ ಮನೆತನದವರು. ಮೀನಿನ ಹೆಸರೆತ್ತಿದರೂ ಮೂಗು ಮುಚ್ಚುವವರು.

"ಏನಮ್ಮಾ ಇದು, ನನ್ನ ಸಂಡಿಗೆ ಪಕ್ಕದಲ್ಲಿ ಈ ಅನಿಷ್ಟ?"

ವಿಷಯ ಬಿಡಿಸಿ ಹೇಳಿದೆ. ಆಕೆ ಬಲೆಯ ಕಡೆ ಬಗ್ಗಿ ನೋಡಿದರು.

"ಇಂಥದ್ದನ್ನ ಯಾರಾದ್ರೂ ನಮ್ಮೂರ ಕಲ್ಯಾಣೀಲಿ ಅದ್ದಿದ್ರೆ?"

"ಅಲ್ಲೂ ಬೆಳೆಯುತ್ತೆ."

ಅವತ್ತಿನಿಂದ ಕಾಗೆ ಓಡಿಸುವ ಕೋಲು ಬಲೆ ತಪಾಸಣೆಗೂ ಬಂತು. ದೂರ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೋಲಿನ ತುದಿಯಿಂದ ಬಲೆಯನ್ನು ಎತ್ತಿ ಎತ್ತಿ ನೋಡುವರು. "ಗಂಟಲ್ಲಿ ಇನ್ನೂ ಹಸಿ ಇದೆ. ಈ ಭಾನುವಾರ ಬೇಡ." ಗಂಡ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂರುವರು. ಮನೆ ಖಾಲಿ ಮಾಡಿಸುವ ಅಧಿಕಾರ ಆಕೆಗಿತ್ತು, ನನಗಿರಲಿಲ್ಲ.

ಕಡೆಗೆ ಅಪ್ಪಣೆ ಸಿಕ್ಕಿ ಇಬ್ಬರೂ ತವರಿಗೆ ಹೋದೆವು. ಅಣ್ಣ ಕೆರೆ ಏರಿಯ ಮೇಲೆ ಕಾಯುತ್ತಿದ್ದ. ಬಲೆಯನ್ನು ತಿರುವಿ ಹಾಕಿ ನೋಡಿ, ಮೂಸಿ ನೋಡಿ, "ಇಳೀರಿ ಭಾವ" ಎಂದ. ಅಷ್ಟರಲ್ಲಿ ಇಬ್ಬರು ಬೈಕಿನಲ್ಲಿ ಬಂದಿಳಿದರು. ಅವರ ಬಲೆಯಿಂದ ನೀರು ಸೋರುತ್ತಿತ್ತು.

"ಎಲ್ಲಿಂದ ಬಂದ್ರಿ?" ನನ್ನ ಗಂಡನ ಧ್ವನಿ ಗಡುಸಾಯಿತು.

"ಅಕ್ಕಿಹೆಬ್ಬಾಳ್ ಒಳೆಯಿಂದ."

"ಬಲೆ ತೊಳ್ದು ಒಣಗ್ಸಿದ್ರೆ ಇಳೀರಿ. ಇಲ್ದಿದ್ರೆ ವಾಪಸ್ ಓಗಿ."

"ಕೇಳೋಕೆ ನೀನ್ಯಾವನ್ಲಾ?"

"ಈ ಊರ ಅಳಿಯ ಕಣ್ಲಾ!"

ಮದುವೆಯಾದಾಗಿನಿಂದ ಅವರು ಆ ಪದವಿಯನ್ನು ಇಷ್ಟು ಜೋರಾಗಿ ಹೇಳಿಕೊಂಡದ್ದನ್ನು ನಾನು ಕೇಳಿರಲಿಲ್ಲ. ಹಿಂದೆ ಅಣ್ಣ ಹುಲ್ಲು ಕುಯ್ಯುವ ಕುಡುಗೋಲು ಹಿಡಿದು ಸುಮ್ಮನೆ ನಿಂತಿದ್ದ. ಬಂದವರು ಗೊಣಗುತ್ತ ಬಲೆಯನ್ನು ಮತ್ತೆ ಬೈಕಿಗೆ ಕಟ್ಟಿಕೊಂಡು ಹೋದರು. ನನಗೆ ನಗು ಬಂತು, ಗಂಡನ ಮೇಲೆ ಒಂಚೂರು ಹೆಮ್ಮೆಯೂ ಆಯಿತು. ಹೇಳಲಿಲ್ಲ ಅಷ್ಟೆ.

ಅವತ್ತು ಒಂದು ಮೀನೂ ಸಿಗಲಿಲ್ಲ. ಅಣ್ಣ ಕೋಳಿ ಕುಯ್ಯಿಸಿದ. ತೊಡೆ ಎರಡೂ ಅಳಿಯಂದಿರ ತಟ್ಟೆಗೆ ಹೋದವು. ನನಗೆ ಸಿಕ್ಕಿದ್ದು ಕತ್ತು.