ಎರಡು ಇಂಚಿನ ಉಬ್ಬು

೧೯೮೫ರ ಏಪ್ರಿಲ್‌ನಲ್ಲಿ ನಾನು ಕೋಪರಖೈರಣೆಯ ಒಂದು ಸೈಟಿನಲ್ಲಿ ಡಂಪರ್ ಚಾಲಕನಾಗಿದ್ದೆ. ವಿಠ್ಠಲವಾಡಿಯಲ್ಲಿ ಅಕ್ಕನ ಮನೆ. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಠಾಣೆ, ಅಲ್ಲಿಂದ ಬಸ್ಸು. ಗದಗಿನ ಕಡೆ ಟ್ರ್ಯಾಕ್ಟರ್ ಓಡಿಸಿ ಬಂದವನಾದ್ದರಿಂದ ಚಕ್ರವಿರುವ ಯಾವುದನ್ನೂ ಓಡಿಸಬಲ್ಲೆ ಎಂಬ ಜಂಬವಿತ್ತು. ಕೂತಲ್ಲಿ ಕೂರದ ಸ್ವಭಾವವೂ ಇತ್ತು. ಲೋಕಲ್ ಪೂರ್ತಿ ನಿಂತ ಮೇಲೆ ಇಳಿದದ್ದು ನನಗೆ ನೆನಪೇ ಇಲ್ಲ.

ಸೈಟಿನಲ್ಲಿ ಬ್ಯಾಕ್‌ಹೋ ಲೋಡರ್ ಇದ್ದದ್ದು ಒಂದೇ. ಮುಂದೆ ಮಣ್ಣು ದೂಡುವ ಅಗಲ ಬಕೆಟ್, ಹಿಂದೆ ನೆಲ ಅಗೆಯುವ ಉದ್ದ ತೋಳು. ಈಗ ಇಂಥ ಯಂತ್ರಗಳಿಗೆಲ್ಲ ಜನ ಒಂದೇ ಕಂಪನಿಯ ಹೆಸರು ಹಚ್ಚಿದ್ದಾರೆ. ಆಗ ಅದನ್ನು ನೋಡಲೆಂದೇ ದಾರಿಹೋಕರು ನಿಲ್ಲುತ್ತಿದ್ದರು. ಅದರ ಆಪರೇಟರ್ ಆನಂದಣ್ಣ ಕಾರ್ಕಳದವರು, ನನಗಿಂತ ಹತ್ತು ವರ್ಷ ದೊಡ್ಡವರು. ಊರಿನಲ್ಲಿ ಅವರ ಒಬ್ಬಳೇ ತಂಗಿಯ ಮದುವೆ ಶುಕ್ರವಾರಕ್ಕೆ ಗೊತ್ತಾಗಿತ್ತು. ತಂದೆ ಇರಲಿಲ್ಲ, ಧಾರೆ ಎರೆದುಕೊಡಬೇಕಾದವರು ಅವರೇ. ರಜೆ ಕೇಳಲು ಹೋದರೆ ಸೂಪರ್‌ವೈಸರ್ ಕದಮ್ ಸಾಹೇಬರದು ಒಂದೇ ಮಾತು: "ಬದಲೀ ಆದ್ಮೀ ತಯ್ಯಾರ್ ಕರೋ, ಫಿರ್ ಜಾವ್." ತನ್ನ ಜಾಗಕ್ಕೆ ಒಬ್ಬನನ್ನು ತಯಾರು ಮಾಡಿಟ್ಟು ಹೋಗಬೇಕು. ಆ ಒಬ್ಬ ನಾನಾದೆ. ಕೈಯಲ್ಲಿದ್ದದ್ದು ಆರು ದಿನ.

ಪರೀಕ್ಷೆಗೆ ಕೊಟ್ಟದ್ದು ಒಂದು ಗೋಡೌನ್ ಕಟ್ಟುವ ಜಾಗ. ಹೆಚ್ಚಿನ ಭಾಗವನ್ನು ಆನಂದಣ್ಣ ಸಮ ಮಾಡಿ ಮುಗಿಸಿದ್ದರು. ಅಂಚಿನ ಅರವತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಪಟ್ಟಿ ನನ್ನದು. ಬುಧವಾರ ಮಧ್ಯಾಹ್ನ ಲೆವೆಲ್ ನೋಡುವಾಗ ಏರುಪೇರು ಮೂರು ಇಂಚು ಮೀರಬಾರದು. ಪಾಸಾದರೆ ಮೂರು ಗಂಟೆಗೆ ವಾಶಿ ನಾಕಾದಲ್ಲಿ ಆನಂದಣ್ಣ ಊರಿನ ಬಸ್ಸು ಹತ್ತುತ್ತಾರೆ. ಇಲ್ಲವಾದರೆ ಇಲ್ಲ.

ನೆಲವೆಲ್ಲ ಕರಿಕಲ್ಲು. ಹಿಂದಿನ ತೋಳಿನಿಂದ ದೊಡ್ಡ ಬಂಡೆಗಳನ್ನು ಕಿತ್ತು ತೆಗೆಯಬೇಕು, ಗುಂಡಿಗೆ ಮುರಮ್, ಅಂದರೆ ಗರಸು ಮಣ್ಣು ತುಂಬಬೇಕು, ಆಮೇಲೆ ಮುಂದಿನ ಬಕೆಟ್ಟಿನಿಂದ ಸಮ ಮಾಡಬೇಕು. ಕೀಳುವುದು, ತುಂಬುವುದು ಎರಡೇ ದಿನಕ್ಕೆ ಕೈಗೆ ಹತ್ತಿದವು. ಸಮ ಮಾಡುವುದು ಮಾತ್ರ ಹತ್ತಲಿಲ್ಲ. ಬಕೆಟ್ ಇರುವುದು ಮುಂದಿನ ಚಕ್ರಗಳಿಗಿಂತ ಮುಂದೆ. ಚಕ್ರ ಒಂದು ಉಬ್ಬು ಹತ್ತಿದರೆ ಬಕೆಟ್ ಮೇಲೇಳುತ್ತದೆ. ಕಂಡ ಕೂಡಲೇ ನಾನು ಲಿವರ್ ಒತ್ತಿ ಇಳಿಸುತ್ತಿದ್ದೆ. ಅಷ್ಟರಲ್ಲಿ ಚಕ್ರವೂ ಇಳಿದು ಬಕೆಟ್ ನೆಲವನ್ನು ಅಗೆದಿರುತ್ತಿತ್ತು. ಗಾಬರಿಯಾಗಿ ಎತ್ತಿದರೆ ಇನ್ನೊಂದು ಉಬ್ಬು. ಹೊಲದಲ್ಲಿ ಕರಿಮಣ್ಣು ನನ್ನ ತಪ್ಪುಗಳನ್ನು ನುಂಗಿಕೊಳ್ಳುತ್ತಿತ್ತು. ಇಲ್ಲಿ ಒಂದೊಂದೂ ಎದ್ದು ಕಾಣುತ್ತಿತ್ತು.

"ಎಂತ ಮಾರಾಯಾ," ಎಂದರು ಆನಂದಣ್ಣ, "ನೀನು ಜಾಗ ಸಮ ಮಾಡ್ತಾ ಇದ್ದೀಯಾ, ಸಮುದ್ರ ಮಾಡ್ತಾ ಇದ್ದೀಯಾ?"

ತಮಾಷೆ ಅಂದಿಗೇ ಮುಗಿಯಿತು. ಮರುದಿನದಿಂದ ಅವರು ಯಂತ್ರದ ಪಕ್ಕದಲ್ಲೇ ಓಡುತ್ತ, ಕೈ ಬೀಸಿ 'ಎತ್ತು, ಇಳಿಸು' ಎಂದು ಕೂಗತೊಡಗಿದರು. ಅವರ ಕೂಗು ನನ್ನ ಕೈಗೆ ತಲುಪುವಷ್ಟರಲ್ಲಿ ಯಂತ್ರ ಎರಡು ಅಡಿ ಮುಂದೆ ಹೋಗಿರುತ್ತಿತ್ತು. ಅವರ ತಳಮಳಕ್ಕೆ ನನ್ನದೂ ಸೇರಿ ಅಲೆಗಳು ದೊಡ್ಡವಾದವು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಹೇಗೋ ಒಂದು ಹದಕ್ಕೆ ಬಂದಿತ್ತು. ನಡುವೆ ಎರಡು ಇಂಚಿನ ಒಂದು ಉಬ್ಬು ಉಳಿದಿತ್ತು, ಅಷ್ಟೇ. ಅದನ್ನೂ ತೆಗೆದುಬಿಡೋಣ ಎಂದು ಕೈ ಹಾಕಿದೆ. ಅದನ್ನು ತೆಗೆಯಲು ಹೋಗಿ ಪಕ್ಕದ್ದು ಕೆಟ್ಟಿತು, ಪಕ್ಕದ್ದು ಸರಿಮಾಡಲು ಹೋಗಿ ಅದರಾಚೆಯದು. ಸಂಜೆಗೆ ಅರ್ಧ ಪಟ್ಟಿ ಹಾಳಾಗಿ, ಆರು ಇಂಚಿನ ತಗ್ಗುಗಳು ಬಿದ್ದಿದ್ದವು. ಆನಂದಣ್ಣ ಬೈಯಲಿಲ್ಲ. ಕಿತ್ತಿಟ್ಟ ಬಂಡೆಯೊಂದರ ಮೇಲೆ ಕೂತು, "ನಾಳೆ ಊರಿಗೆ ಟೆಲಿಗ್ರಾಂ ಕೊಡ್ತೇನೆ. ಧಾರೆ ಮಾವ ಎರೀಲಿ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ನನ್ನ ಕೈಗಳ ಮೇಲೆಯೇ ಅಸಹ್ಯವಾಯಿತು.

ಬುಧವಾರ ಮೊದಲ ಬಸ್ಸಿಗೇ ಬಂದೆ. ಅವರು ನನಗಿಂತ ಮುಂಚೆ ಬಂದಿದ್ದರು, ಕೈಯಲ್ಲಿ ಊರಿಗೆ ಒಯ್ಯುವ ಚೀಲವಿತ್ತು. ಆಸೆ ಬಿಟ್ಟಿರಲಿಲ್ಲ. ನಾನು ಧೈರ್ಯ ಮಾಡಿ ಹೇಳಿದೆ: "ಅಣ್ಣಾರ, ನೀವು ಕೈ ಬೀಸಿದ್ರ ನನ್ನ ಕೈ ನಿಂದ್ರಂಗಿಲ್ರಿ. ಆ ಕಡೆ ಮುಖ ಮಾಡಿ ನಿಲ್ರಿ."

ಒಂದು ಕ್ಷಣ ದುರುಗುಟ್ಟಿ ನೋಡಿದರು. "ಆಯ್ತು. ಕೈ ಲಿವರ್ ಮೇಲೆ ಇರ್ಲಿ, ಆದ್ರೆ ಸುಮ್ನೆ ಇರ್ಲಿ. ಸೀಟು ನಿನ್ನನ್ನು ಮೇಲೆ ಎತ್ತಿದ ಹಾಗೆ ಆದ್ರೆ ಮಾತ್ರ ಆಡಿಸು." ಹೀಗೆ ಹೇಳಿ ದೂರ ಹೋಗಿ, ವಾಶಿಯ ಕಡೆ ಮುಖ ಮಾಡಿ ನಿಂತರು.

ಅವರು ಸಮ ಮಾಡಿದ್ದ ನೆಲದ ಮೇಲೆ ಚಕ್ರ ನಿಲ್ಲಿಸಿಕೊಂಡು, ಮೊದಲ ಗೇರಿನಲ್ಲಿ ಹೊರಟೆ. ಬಕೆಟ್ ಕಲ್ಲಿಗೆ ತಾಗಿದರೆ ಒತ್ತಲಿಲ್ಲ. ನಿಲ್ಲಿಸಿ, ತಿರುಗಿಸಿ, ಹಿಂದಿನ ತೋಳಿನಿಂದ ಅದನ್ನು ಕಿತ್ತು, ಗುಂಡಿ ತುಂಬಿ ಮುಂದುವರಿದೆ. ಕೈ ತುರಿಸಿದಂತಾಗುತ್ತಿತ್ತು, ಹಲ್ಲು ಕಚ್ಚಿ ಸುಮ್ಮನಿಟ್ಟೆ. ಎಂಜಿನ್ ನರಳಿದಾಗಲೆಲ್ಲ ಆನಂದಣ್ಣನ ಹೆಗಲು ಮೇಲೇಳುತ್ತಿತ್ತು. ಒಮ್ಮೆಯೂ ಅವರು ತಿರುಗಿ ನೋಡಲಿಲ್ಲ.

ಒಂದೂವರೆಗೆ ಕದಮ್ ಸಾಹೇಬರು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನು ಹೂಡಿ, ಹನ್ನೆರಡು ಕಡೆ ಅಳತೆಯ ಪಟ್ಟಿ ನಿಲ್ಲಿಸಿ ನೋಡಿದರು. ಹನ್ನೊಂದು ಕಡೆ ಏರುಪೇರು ಒಂದು ಇಂಚಿನೊಳಗೆ. ಕೊನೆಯ ಮೂಲೆಯಲ್ಲಿ ಎರಡು ಇಂಚಿನ ಉಬ್ಬು. "ಚಲೇಗಾ, ಪಾಸ್," ಎಂದರು.

ನನಗೆ ಸಮಾಧಾನವಾಗಲಿಲ್ಲ. "ಒಂದ ಸಲ ಎಳೀತೀನ್ರಿ," ಎಂದು ಲಿವರ್ ಮೇಲೆ ಕೈ ಇಟ್ಟೇಬಿಟ್ಟೆ. ಆನಂದಣ್ಣನ ಮುಖ ಬಿಳಿಚಿಕೊಂಡಿತು. ಅವರ ಹೆಗಲಿನಲ್ಲಿದ್ದ ಚೀಲ ಕಂಡಿತು. ನಿನ್ನೆಯದೂ ಎರಡೇ ಇಂಚು ಎಂಬುದು ಆಗ ನೆನಪಾಯಿತು. ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು ಅವರ ಕೈಗೆ ಕೊಟ್ಟೆ.

"ನನ್ನ ಕಡೆ ಇದ್ರ ಮತ್ತ ಕೆಡಸ್ತೀನ್ರಿ. ಬಸ್ ಹತ್ತೂ ಮುಂದ ಸಾಹೇಬ್ರಿಗೆ ಕೊಡ್ರಿ."

ಆರು ದಿನಗಳಲ್ಲಿ ಮೊದಲ ಸಲ ಅವರು ನಕ್ಕರು. ಕದಮ್ ಸಾಹೇಬರೇ ಸ್ಕೂಟರಿನಲ್ಲಿ ಅವರನ್ನು ನಾಕಾಕ್ಕೆ ಬಿಟ್ಟು, ಕೀಲಿ ವಾಪಸು ತಂದರು.

ಹತ್ತು ದಿನ ಬಿಟ್ಟು ಬಂದ ಆನಂದಣ್ಣ ನೇರ ಆ ಮೂಲೆಗೆ ಹೋಗಿ, ಉಬ್ಬಿನ ಮೇಲೆ ನಿಂತರು. "ಧಾರೆ ಎರೀವಾಗ ಕೈ ಒಂದೇ ಸಮ ನಡುಗ್ತಾ ಇತ್ತು ಮಾರಾಯಾ," ಎಂದರು. "ನಿನ್ನ ನೆನಪಾಯ್ತು. ಸುಮ್ನೆ ಇರು ಅಂತ ಕೈಗೆ ಹೇಳಿದೆ."

ಮುಂದೆ ನಾನು ನಿವೃತ್ತನಾಗುವವರೆಗೂ ಇದೇ ಯಂತ್ರ ನಡೆಸಿದೆ, ಹಲವರಿಗೆ ಕಲಿಸಿದೆ. ಕೈ ಆಡಿಸುವುದನ್ನು ಯಾರಾದರೂ ಕಲಿಯುತ್ತಾರೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಯುವುದೇ ಕಷ್ಟ. ಕಲಿಸುವವನಿಗೆ ಅದು ಇನ್ನೂ ಕಷ್ಟ. ಹೊಸಬ ಕೊನೆಯ ಸುತ್ತಿಗೆ ಹೊರಟಾಗ ನಾನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ.