ನಿವೆಸ್ ಪಾಸು ಮಾಡಿದ ಬೋರ್ಡು

ನಮ್ಮ ಕಟ್ಟಡದ ಮೂರನೆಯ ಮಹಡಿಯ ನಿವೆಸ್‌ಗೆ ಅರವತ್ತೆರಡು ವರ್ಷ. ಅದರಲ್ಲಿ ನಲವತ್ತೊಂದು ವರ್ಷ ಅವಳು ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿಯೇ ಅನ್ನ ಸಂಪಾದಿಸಿದ್ದಾಳೆ. ನಾನು ಕೆಳಗಡೆ ಸಿಗರೇಟು, ಅಂಚೆಚೀಟಿ ಮಾರುವ ಅಂಗಡಿ ಇಟ್ಟಿದ್ದವಳು. ತಪ್ಪು ನಾನೂ ಹುಡುಕುತ್ತಿದ್ದೆ, ಆದರೆ ನನಗೆ ಯಾರೂ ಅದಕ್ಕೆ ಸಂಬಳ ಕೊಡಲಿಲ್ಲ.

ನಮ್ಮ ಈ ಕಾರ್ಖಾನೆಗಳ ಊರು ಇವ್ರೆಯಾದಲ್ಲಿ ಹುಟ್ಟಿದವರ ಹಣೆಬರಹವೇ ಹೀಗೆ. ಮೊದಲು ಟೈಪ್‌ರೈಟರು, ಆಮೇಲೆ ಪ್ರಿಂಟರು, ಆಮೇಲೆ ಫೋನು. ಒಂದು ಕಾರ್ಖಾನೆ ಮುಚ್ಚಿದಾಗಲೆಲ್ಲ ಇನ್ನೊಂದು ಹೇಗೋ ತೆರೆಯಿತು, ನಿವೆಸ್ ಬೆಳಗಿನ ಅದೇ ಬಸ್ಸು ಹತ್ತಿದಳು. ಈಗ ಹದಿನಾಲ್ಕು ವರ್ಷದಿಂದ ಅಂಗೈಯಗಲದ ನೀಲಿ ಸರ್ಕ್ಯೂಟ್ ಬೋರ್ಡುಗಳು. ಕಂಪ್ಯೂಟರಿಗೆ ಸಿಕ್ಕಿಸಿ ನಾಲ್ಕು ಸಾಲು ಬರೆದು ಕಳಿಸಿದರೆ ಅದು ಹೇಳಿದ ಮಾತು ಕೇಳುತ್ತದಂತೆ: ದೀಪ ಹೊತ್ತಿಸುತ್ತದೆ, ಗಿಡಕ್ಕೆ ನೀರು ಬಿಡುತ್ತದೆ. ಅದರ ನಕ್ಷೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಯಾರು ಬೇಕಾದರೂ ಮಾಡಿಕೊಳ್ಳಬಹುದು. ಯಂತ್ರ ಪರೀಕ್ಷಿಸಿ ಮುಗಿಸಿದ ಮೇಲೆ ನಿವೆಸ್ ಪ್ರತಿಯೊಂದು ಬೆಸುಗೆಯನ್ನೂ ಭೂತಗನ್ನಡಿಯಲ್ಲಿ ನೋಡಬೇಕು. ಇವತ್ತು ಕೆಲಸ ಮಾಡುತ್ತದೆಯೇ ಎಂದು ಯಂತ್ರ ಹೇಳುತ್ತದೆ. ಇನ್ನು ಮೂರು ತಿಂಗಳಿಗೆ ಬಿಟ್ಟುಕೊಳ್ಳುವ ಬೆಸುಗೆಯನ್ನು ಕಣ್ಣೇ ಹಿಡಿಯಬೇಕು. ಹೀಗೆ ಲಕ್ಷಗಟ್ಟಲೆ ಬೋರ್ಡು ನೋಡಿದವಳು ಒಂದನ್ನೂ ಒಮ್ಮೆಯೂ ಹೊತ್ತಿಸಿ ನೋಡಿರಲಿಲ್ಲ.

ಹೋದ ವಸಂತದಲ್ಲಿ ಅವಳು ಪಾಸು ಮಾಡಿದ ಮೂರು ಬೋರ್ಡು ವಾಪಸು ಬಂದವು. ಮೂರರಲ್ಲೂ ತಂತಿ ಸಿಕ್ಕಿಸುವ ಬಾಯಿಯ ಬೆಸುಗೆ ಬಿಟ್ಟಿತ್ತು. ಮೇಲ್ವಿಚಾರಕ ಬರ್ದೆಸೋನೋ ಒಳ್ಳೆಯ ಮನುಷ್ಯ. ಅವಳನ್ನು ಪಕ್ಕಕ್ಕೆ ಕರೆದು ಹೇಳಿದ: ಕಣ್ಣು ಸೋತಿದ್ದರೆ ಡಾಕ್ಟರು ಬರೆದುಕೊಡುತ್ತಾರೆ, ಪಿಂಚಣಿ ಬರುವವರೆಗೆ ಮನೆಯಲ್ಲಿರಬಹುದು; ಸೋತಿಲ್ಲವಾದರೆ ಇನ್ನೂ ಐದು ವರ್ಷ ಅದೇ ಕುರ್ಚಿ. ಮುಂದಿನ ಶುಕ್ರವಾರದೊಳಗೆ ಹೇಳಬೇಕು.

ನನಗೆ ಇದನ್ನು ಹೇಳುವಾಗ ಅವಳ ಮುಖ ಬಿಳುಚಿಕೊಂಡಿತ್ತು. ನಲವತ್ತೊಂದು ವರ್ಷ ತನ್ನದು ಎಂದು ಅವಳಿಗೆ ಇದ್ದದ್ದು ಆ ಕಣ್ಣೊಂದೇ. ಗಂಡ ಬಿಟ್ಟುಹೋದ, ಮಕ್ಕಳಾಗಲಿಲ್ಲ, ಬೆನ್ನು ಬಗ್ಗಿತು. ಕಣ್ಣು ಮಾತ್ರ ಇಡೀ ಕಾರ್ಖಾನೆಯಲ್ಲಿ ಹೆಸರುವಾಸಿ.

“ಕನ್ನಡಕದ ಅಂಗಡೀಗೆ ಹೋಗೇ ಮಾರಾಯ್ತಿ,” ಎಂದೆ.

“ಹೋಗಿದ್ದೆ. ಗೋಡೆ ಮೇಲಿನ ಅಕ್ಷರ ಎಲ್ಲಾ ಓದ್ದೆ. ಅಕ್ಷರ ಓದೋದೇ ಬೇರೆ, ಬೆಸುಗೆ ನೋಡೋದೇ ಬೇರೆ, ಮರಿಲೆನಾ.”

ಆ ಗುರುವಾರ ಒಂದು ಬೋರ್ಡಿನ ಬಾಯಿಯ ಹತ್ತಿರ ಅವಳಿಗೆ ಅನುಮಾನ ಬಂತು. ಬೆಸುಗೆ ತುಸು ಮಂಕಾಗಿದೆಯೋ, ಅಥವಾ ತನ್ನ ಕಣ್ಣೇ ಮಂಜಾಗಿದೆಯೋ? ಎರಡು ಸಲ ನೋಡಿ ಪಾಸು ಮಾಡಿದಳು. ಆಮೇಲೆ ಮನಸ್ಸು ತಡೆಯದೆ ಅದನ್ನೇ ಕಾರ್ಮಿಕರ ಬೆಲೆಗೆ ಕೊಂಡು ಚೀಲಕ್ಕೆ ಹಾಕಿಕೊಂಡು ಬಂದಳು. ಅದು ಹೊತ್ತಿ ಮಾತು ಕೇಳಿದರೆ ಕಣ್ಣು ಸರಿ. ಕೇಳದಿದ್ದರೆ ತಾನೇ ಹೋಗಿ ಬರ್ದೆಸೋನೋಗೆ ಹೇಳಿಬಿಡುವುದು. ಒಂದೇ ಬೋರ್ಡಿನಿಂದ ಏನು ತಿಳಿಯುತ್ತದೆ ಎಂದು ನಾನು ಕೇಳಿದ್ದಕ್ಕೆ ಸುಮ್ಮನಿರು ಎಂದಳು.

ಭಾನುವಾರ ಊಟವಾದ ಮೇಲೆ ಹಳೆಯ ಲ್ಯಾಪ್‌ಟಾಪ್ ಹೊತ್ತು ನನ್ನ ಅಡುಗೆಮನೆಗೆ ಬಂದಳು. ನನ್ನಲ್ಲಿ ಇಂಟರ್ನೆಟ್ ಚೆನ್ನಾಗಿದೆ. ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಮಾಡಿದ ಪಾತ್ರೆ ಇನ್ನೂ ತೊಳೆದಿರಲಿಲ್ಲ, ಮೇಜಿನ ಅರ್ಧ ಒರೆಸಿ ಕೂತೆವು. ತಂತಿ ತಂದಿಲ್ಲ ಎಂದಾಗ ನಾನೇ ನನ್ನ ಓದುವ ದೀಪ ಚಾರ್ಜು ಮಾಡುವ ತಂತಿ ಕಿತ್ತು ಕೊಟ್ಟೆ, ಅದು ಲ್ಯಾಪ್‌ಟಾಪಿಗೂ ಬೋರ್ಡಿಗೂ ಸರಿಯಾಗಿ ಕೂತಿತು. ಬೋರ್ಡಿನ ಮೇಲೆ ಪುಟ್ಟ ಹಸಿರು ದೀಪ ಹತ್ತಿತು. ಇನ್ನೊಂದು ದೀಪ ಮಿಟುಕತೊಡಗಿತು.

“ಹತ್ತಿತಲ್ಲ! ಮುಗೀತು, ಕಾಫಿ ಇಡ್ತೀನಿ,” ಎಂದೆ.

“ಇನ್ನೂ ಇದೆ ಕೂತ್ಕೋ. ಕರೆಂಟು ಹೋಗ್ತಿದೆ, ಅಷ್ಟೇ. ಮಾತು ಕೇಳ್ಬೇಕು.”

ಮೊದಲ ಪಾಠವೆಂದರೆ ಸೆಕೆಂಡಿಗೊಮ್ಮೆ ಮಿಟುಕುವ ದೀಪವನ್ನು ಮೂರು ಸೆಕೆಂಡಿಗೊಮ್ಮೆ ಮಿಟುಕುವಂತೆ ಮಾಡುವುದು. ಒಂದು ಸಂಖ್ಯೆ ಬದಲಿಸಿ ಬೋರ್ಡಿಗೆ ಕಳಿಸಬೇಕು. ನಿವೆಸ್ ಒಂದೇ ಬೆರಳಿನಲ್ಲಿ ಸಂಖ್ಯೆ ಒತ್ತಿ ಕಳಿಸಿದಳು. ಬೋರ್ಡೇ ಕಾಣುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ಮತ್ತೆ ಕಳಿಸಿದಳು, ತೆಗೆದು ಸಿಕ್ಕಿಸಿದಳು, ಲ್ಯಾಪ್‌ಟಾಪ್ ಆರಿಸಿ ಹಾಕಿದಳು. ಒಂದು ಗಂಟೆ ಹೀಗೇ ಕಳೆಯಿತು. ಕೊನೆಗೆ ಕೈಬಿಟ್ಟು ಕುರ್ಚಿಗೆ ಒರಗಿದಳು.

“ಅದೇ ಬಾಯಿ, ಅದೇ ಬೆಸುಗೆ. ನನ್ ಕಣ್ಣು ಹೋಯ್ತು, ಮರಿಲೆನಾ.”

ಅವಳ ದನಿಯಲ್ಲಿ ಅಳು ಇರಲಿಲ್ಲ, ಅದೇ ನನಗೆ ವಿಚಿತ್ರ ಅನ್ನಿಸಿತು.

ಅಷ್ಟರಲ್ಲಿ ಎದುರು ಮನೆಯ ಸೆಕೊಂದೋ ಭಾನುವಾರದ ಕಾಫಿಗೆ ಬಂದರು. ಎಂಬತ್ತರ ಹತ್ತಿರದ ಮುದುಕ, ಟೈಪ್‌ರೈಟರ್ ರಿಪೇರಿಯಲ್ಲಿ ಎತ್ತಿದ ಕೈ. ವಿಷಯ ಕೇಳಿ ಮೂಗು ಮುರಿದರು.

“ನಕ್ಷೆ ತೋರ್ಸಮ್ಮ ಮೊದಲು.”

ನಿವೆಸ್ ಪರದೆಯಲ್ಲಿ ನಕ್ಷೆ ತೆರೆದಳು.

“ನಮ್ ಕಾಲ್ದಲ್ಲಿ ನಕ್ಷೆ ಕಬ್ಬಿಣದ ಬೀರುವಿನಲ್ಲಿ ಇರೋದು. ಬೀಗದ ಕೈ ಕೇಳೋಕೆ ಮೂರು ಸಹಿ ಬೇಕಿತ್ತು. ಈಗ ನೋಡು, ಬೀದೀಲಿ ಹೋಗೋನಿಗೂ ತೋರಿಸ್ತಾರೆ!” ಎಂದು ಗೊಣಗುತ್ತಲೇ ಬೆರಳಿಟ್ಟು ಗೆರೆಗಳನ್ನು ಹಿಡಿದು ಹೋದರು. “ಬಾಯಿಂದ ಎರಡು ಗೆರೆ ಕರೆಂಟಿಗೆ. ಇನ್ನೆರಡು ಮಾತಿಗೆ. ಒಟ್ಟು ನಾಲ್ಕು ಬೇಕು. ಈ ತಂತಿ ಯಾವುದು?”

“ನನ್ನ ದೀಪದ್ದು,” ಎಂದೆ.

ನಾನು ಬಾಯಿ ಮುಚ್ಚುವುದರೊಳಗೆ ಅವರು ತಂತಿ ಕಿತ್ತು, ಜೇಬಿನ ಚಾಕು ತೆಗೆದು ಅದನ್ನು ಸೀಳಿಬಿಟ್ಟರು.

“ಅಯ್ಯೋ ನಿಮ್ಮ! ನನ್ನ ದೀಪ!”

“ನೋಡಿಲ್ಲಿ. ಕೆಂಪು ಒಂದು, ಕಪ್ಪು ಒಂದು. ಎರಡೇ. ಇದು ಹೊಟ್ಟೆ ತುಂಬಿಸುತ್ತೆ, ಮಾತಾಡಲ್ಲ. ಬೋರ್ಡಿಗೆ ಏನೂ ಆಗಿಲ್ಲ ತಾಯಿ.”

ನನ್ನ ಫೋನು ಅಲ್ಲೇ ಗೋಡೆಗೆ ಚಾರ್ಜಿಗೆ ಹಾಕಿತ್ತು. ಅದರ ತಂತಿ ತಂದು ಸಿಕ್ಕಿಸಿದೆವು. ಈ ಸಲ ಕಂಪ್ಯೂಟರಿಗೆ ಬೋರ್ಡು ಕಂಡಿತು. ನಿವೆಸ್ ಕಳಿಸಿದಳು. ದೀಪ ಹತ್ತಿತು, ಒಂದು, ಎರಡು, ಮೂರು, ಆರಿತು. ಬೋರ್ಡಿನ ಬಾಯಿ ಹಿಡಿದು ಅತ್ತಿತ್ತ ಜಗ್ಗಿದಳು, ದೀಪದ ಲೆಕ್ಕ ತಪ್ಪಲಿಲ್ಲ. ಬೆಸುಗೆ ಗಟ್ಟಿಯಾಗಿತ್ತು.

ಸೆಕೊಂದೋ ಚಪ್ಪಾಳೆ ತಟ್ಟಿದರು. ನಿವೆಸ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡೆ, ದಡ್ಡಿ ನಾನು.

“ಕೆಟ್ಟಿರ್ಲಿ ಅಂತ ಬೇಡ್ಕೊಂಡಿದ್ದೆ, ಮರಿಲೆನಾ. ಒಂದು ಗಂಟೆ ಹೊತ್ತು ನಾನು ಬಿಡುಗಡೆ ಆದೆ ಅಂತ ಕೂತಿದ್ದೆ. ಐದು ವರ್ಷ ಇನ್ನೂ. ಐದು ವರ್ಷ!”

ಸೆಕೊಂದೋ ಚಾಕು ಮಡಚಿ ಜೇಬಿಗಿಟ್ಟುಕೊಂಡರು. ನನಗೆ ಸಿಟ್ಟು ಬಂತು, ಯಾರ ಮೇಲೋ ಗೊತ್ತಿಲ್ಲ.

“ಕೆಟ್ಟಿತ್ತು ಅಂತ್ಲೇ ಹೇಳು. ಮೂರು ಬೋರ್ಡು ವಾಪಸ್ ಬಂದಿರೋದು ಸುಳ್ಳಾ? ಇಲ್ಲಿ ಆಗಿದ್ದು ನಮ್ ಮೂವರಿಗೆ ಬಿಟ್ರೆ ಯಾರಿಗೆ ಗೊತ್ತು? ಈ ಮುದುಕರ ಬಾಯಿಗೆ ನಾನು ಬೀಗ ಹಾಕ್ತೀನಿ.”

“ನಾನು ಯಾವತ್ತೂ ಸರಿ ಇದ್ದದ್ದನ್ನ ಕೆಟ್ಟಿದೆ ಅಂದಿಲ್ಲ ಕಣೇ,” ಎಂದಳು, ಮೂಗು ಒರೆಸಿಕೊಳ್ಳುತ್ತಾ.

ಆ ವಾರವೆಲ್ಲ ನಾನು ಅವಳ ಜೊತೆ ಅದೇ ಜಗಳ ಆಡಿದೆ. ಅವಳು ಜಗಳಕ್ಕೆ ಬರಲಿಲ್ಲ. ಆರಕ್ಕೆ ಹೋಗುವುದು, ಎರಡಕ್ಕೆ ಬರುವುದು, ಊಟ ಮಾಡದೆ ಮಲಗುವುದು. ಶುಕ್ರವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಸದ್ದು ಕೇಳಿ ಬಾಗಿಲು ತೆರೆದೆ. ನಿವೆಸ್ ಮೊದಲ ಮಹಡಿಯಲ್ಲಿ, ನನ್ನ ಬಾಗಿಲೆದುರಿಗೇ ಕೂತು ಬೂಟು ಬಿಚ್ಚುತ್ತಿದ್ದಳು, ಇನ್ನೆರಡು ಮಹಡಿ ಹತ್ತುವ ತ್ರಾಣವಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ.

“ಏನಂದೆ ಅವನಿಗೆ?”

“ಇದ್ದದ್ದು ಇದ್ದ ಹಾಗೇ ಹೇಳ್ದೆ. ಬರ್ದೆಸೋನೋ ಅವರೇ, ಕಣ್ಣು ಚೆನ್ನಾಗಿದೆ. ಸೋತಿರೋದು ನಾನು.”

“ಅವನೇನಂದ?”

ನಿವೆಸ್ ಇನ್ನೊಂದು ಬೂಟಿನ ದಾರ ಬಿಚ್ಚಿದಳು.

“ಪಾಪ, ಎಲ್ಲಾ ಕಡೆ ಹುಡುಕಿದ. ಅದಕ್ಕೆ ಫಾರಂ ಇಲ್ವಂತೆ.”